ಏಳು ಜ್ವರದ ಪತ್ರಗಳು

ನನ್ನ ನಾದಿನಿಯನ್ನು ಮನೆಯಲ್ಲಿ ಎಲ್ಲರೂ ಕರೆಯುವುದು ಕಡ್ಡಿ ಎಂದೇ. ಹದಿನೈದು ವರ್ಷ, ಹತ್ತನೇ ತರಗತಿ, ಬೆಳೆದದ್ದೆಲ್ಲ ಉದ್ದಕ್ಕೆ. ಯೂನಿಫಾರ್ಮಿನ ಅಂಗಿಯನ್ನು ಎರಡು ಸಲ ಬಿಚ್ಚಿ ಚಿಕ್ಕದು ಮಾಡಿ ಹೊಲಿದರೂ ಅವಳ ಹೆಗಲಿನಿಂದ ಜಾರುತ್ತದೆ. ಮಾವನವರು ತೀರಿಕೊಂಡ ಮೇಲೆ ಅವಳೂ ಅತ್ತೆಯವರೂ ನಮ್ಮ ಜೊತೆಗೇ ಇದ್ದಾರೆ. ಎರಡೇ ಕೋಣೆಯ ಮನೆ. ಒಳಕೋಣೆಯಲ್ಲಿ ನಾನು, ನನ್ನವರು, ನಾಲ್ಕು ವರ್ಷದ ಮಗಳು. ಹೊರಕೋಣೆಯಲ್ಲಿ ಅವರಿಬ್ಬರು ಮತ್ತು ನನ್ನ ಹೊಲಿಗೆ ಮಿಷನ್ನು. ದರ್ಜಿಯೊಬ್ಬರು ಕತ್ತರಿಸಿ ಕಳಿಸುವ ಅಂಗಿಗಳಿಗೆ ಕಾಲರು ಕೂಡಿಸಿ, ಕಾಜಾ ತೆಗೆದು, ಗುಂಡಿ ಹಾಕಿಕೊಡುವುದು ನನ್ನ ಕೆಲಸ. ಮಗಳು ಮಧ್ಯಾಹ್ನ ಮಲಗಿದಾಗ ಸಿಗುವ ಅರ್ಧ ಗಂಟೆಯಲ್ಲಿ ಇದನ್ನು ಬರೆಯುತ್ತಿದ್ದೇನೆ. ಕಡ್ಡಿಯ ಬಗ್ಗೆ ಬರೆಯಬೇಕೆಂದು ತಿಂಗಳಿನಿಂದ ಅಂದುಕೊಂಡೂ ಮುಂದೂಡುತ್ತ ಬಂದಿದ್ದೆ. ಕಾರಣವನ್ನು ಮೊದಲೇ ಹೇಳಿಬಿಡುತ್ತೇನೆ: ಅವಳನ್ನು ಕಂಡರೆ ನನಗೆ ಹೊಟ್ಟೆಕಿಚ್ಚು.

ಸಣ್ಣಪುಟ್ಟ ಹೊಟ್ಟೆಕಿಚ್ಚು ಮೊದಲಿನಿಂದಲೂ ಇತ್ತು. ನಾನು ಹೆತ್ತ ಮಗಳು ಪುಟ್ಟತ್ತೆಯ ಕೈಯಿಂದಾದರೆ ತುತ್ತಿಗೆ ಬಾಯಿ ತೆರೆಯುತ್ತಾಳೆ, ನನ್ನ ಕೈಯಿಂದಾದರೆ ತುಟಿ ಬಿಗಿಹಿಡಿಯುತ್ತಾಳೆ. ನನ್ನವರು ಮೋಟರ್ ರಿಪೇರಿ ಅಂಗಡಿಯಿಂದ ಬಂದವರೇ ಚಪ್ಪಲಿ ಬಿಡುವ ಮೊದಲು ಕೇಳುವುದು "ಕಡ್ಡಿ ಬಂದ್ಲಾ?" ಎಂದು. ಇವೆಲ್ಲ ಸಂಸಾರದಲ್ಲಿ ಇರುವಂಥದ್ದೇ. ಒಂದು ಲೋಟ ನೀರು ಕುಡಿದರೆ ಇಳಿದುಹೋಗುತ್ತವೆ. ಈಗ ಬರೆಯುತ್ತಿರುವುದು ಹಾಗೆ ಇಳಿಯದಿದ್ದದ್ದು.

ಅವಳು ಓದುವುದು ನಾನು ಓದಿದ ಶಾಲೆಯಲ್ಲೇ. ಅಲ್ಲಿಗೆ ವರ್ಷಕ್ಕೊಮ್ಮೆ ಇನ್ಸ್‌ಪೆಕ್ಟರ್ ಬರುತ್ತಾರೆ. ಅವರು ಪ್ರಶ್ನೆ ಕೇಳಿದರೆ ಇಡೀ ತರಗತಿ ಕೈ ಎತ್ತಬೇಕು. ಉತ್ತರ ಗೊತ್ತಿದ್ದವರು ಬಲಗೈ, ಗೊತ್ತಿಲ್ಲದವರು ಎಡಗೈ. ಪಕ್ಕದಲ್ಲಿ ನಿಂತ ಟೀಚರು ಬಲಗೈ ಎತ್ತಿದವರನ್ನೇ ಆರಿಸಿ ಎಬ್ಬಿಸುತ್ತಾರೆ. ನೋಡುವವರಿಗೆ ಆಹಾ, ಎಂಥ ಬುದ್ಧಿವಂತ ಮಕ್ಕಳು! ಇನ್ನು ಕೆಲವರಿರುತ್ತಾರೆ, ಎಡಗೈ ಎತ್ತಿಯೂ ಎಡವಟ್ಟು ಮಾಡುವವರು. ಓದು ಹತ್ತದವರು. ಅವರಿಗೆ ಆ ದಿನ ಜ್ವರ ಬರುತ್ತದೆ. ಎರಡು ವಾರ ಮೊದಲೇ, ತರಗತಿಯಲ್ಲೇ ಕೂತು, "ನನಗೆ ಜ್ವರ ಇರುವುದರಿಂದ ಒಂದು ದಿನದ ರಜೆ ಕೊಡಬೇಕು" ಎಂದು ಬರೆದುಕೊಡಬೇಕು. ಆ ಪತ್ರಗಳನ್ನು ಬರೆಸಿ, ಒಟ್ಟು ಮಾಡಿ, ಗಣಿತದ ಮೇಡಂ ಮೇಜಿನ ಮೇಲಿಡುವುದು ಕ್ಲಾಸ್ ಲೀಡರ್ ಕೆಲಸ. ಈ ವರ್ಷದ ಲೀಡರ್ ನಮ್ಮ ಕಡ್ಡಿ. ಜ್ವರ ಬರಬೇಕಾದವರು ಏಳು ಜನ.

ಆ ಪತ್ರಗಳನ್ನು ಬರೆಸಬೇಕಿದ್ದ ದಿನ ಸಂಜೆ ಅವಳು ಶಾಲೆಯಿಂದ ಬಂದವಳು ಮಿಷನ್ನಿನ ಪಕ್ಕ ನಿಂತಳು. ಎದೆಯ ಮೇಲೆ ಲೀಡರ್ ಬ್ಯಾಡ್ಜ್ ಇರಲಿಲ್ಲ. ಅದಿದ್ದ ಜಾಗದಲ್ಲಿ ಬಟ್ಟೆ ಹರಿದಿತ್ತು.

"ಅತ್ತಿಗೆ, ಇದನ್ನ ಒಂಚೂರು ಹೊಲಿದುಕೊಡ್ತೀರಾ?"

"ಏನಾಯ್ತೇ?"

"ಜ್ವರದ ಪತ್ರ ಬರೆಸ್ಕೊಂಡು ಬಾ ಅಂದ್ರು ಮೇಡಂ. ನಾನು ಬರೆಸಲ್ಲ ಅಂದೆ. ಹಾಗಾದ್ರೆ ಬ್ಯಾಡ್ಜ್ ಬಿಚ್ಚು ಅಂದ್ರು. ಬಿಚ್ಚೋವಾಗ ಪಿನ್ನು ಸಿಕ್ಕಾಕ್ಕೊಳ್ತು."

ಪೆನ್ಸಿಲ್ ಕಳೆದುಹೋಯಿತು ಎಂದಷ್ಟೇ ಸಲೀಸಾಗಿ ಹೇಳಿದಳು. ನನ್ನ ಕಾಲು ಪೆಡಲಿನ ಮೇಲೆ ನಿಂತೇ ಬಿಟ್ಟಿತು.

ನನ್ನವರು ಕೇಳಿ ಹೊಟ್ಟೆ ಹಿಡಿದು ನಕ್ಕರು. "ಭಲೇ ಕಡ್ಡಿ! ಮೇಡಂಗೇ ಆಗಲ್ಲ ಅಂದ್ಯಾ?" ಅತ್ತೆಯವರು ಬೈಯುತ್ತಾರೆಂದು ಕಾದೆ. ಅವರು "ಅಪ್ಪನ ಪಡಿಯಚ್ಚು" ಎಂದು ಕಣ್ಣೊರೆಸಿಕೊಂಡರು. ಏನೂ ಅರ್ಥವಾಗದ ನನ್ನ ಮಗಳು ಕೂಡ "ಆಗಲ್ಲ! ಆಗಲ್ಲ!" ಎಂದು ಕುಣಿದಳು. ನಾನೊಬ್ಬಳೇ ಹೇಳಿದ್ದು: "ಶಿಫಾರಸು ಪತ್ರದ ಗತಿ ಏನು?"

ಅದೇ ನಿಜವಾದ ವಿಷಯ. ಹತ್ತನೇ ತರಗತಿ ಮುಗಿದ ಮೇಲೆ ದೊಡ್ಡ ಊರಿನ ವಿಜ್ಞಾನ ಕಾಲೇಜಿಗೆ ನಮ್ಮ ಶಾಲೆಯಿಂದ ಒಬ್ಬರೇ ಒಬ್ಬರನ್ನು ಹೆಡ್ಮಾಸ್ಟರು ಶಿಫಾರಸು ಮಾಡಿ ಕಳಿಸುತ್ತಾರೆ. ಆ ಪತ್ರ ಇದ್ದವರಿಗೆ ನೇರ ಸೀಟು, ಹಾಸ್ಟೆಲು. ಇಲ್ಲದವರು ಮುನ್ನೂರು ನಾನೂರು ಜನರ ಜೊತೆ ಪ್ರವೇಶ ಪರೀಕ್ಷೆಗೆ ಕೂತು ಅದೃಷ್ಟ ನೋಡಿಕೊಳ್ಳಬೇಕು. ಎಂಟನೇ ತರಗತಿಯಿಂದ ಕಡ್ಡಿ ಆ ಪತ್ರಕ್ಕಾಗಿಯೇ ಓದುತ್ತಿದ್ದಳು. ಮೊದಲ ಸ್ಥಾನ ಯಾರಿಗೂ ಬಿಟ್ಟುಕೊಟ್ಟಿಲ್ಲ.

ಮರುದಿನದಿಂದ ಶುರುವಾಯಿತು. ಇನ್ಸ್‌ಪೆಕ್ಟರ್ ಭೇಟಿ ಚೆನ್ನಾಗಿ ನಡೆದರೆ ಹತ್ತನೇ ತರಗತಿಯನ್ನು ಸಮುದ್ರ ತೋರಿಸಲು ಕರೆದೊಯ್ಯುವುದಾಗಿ ಹೆಡ್ಮಾಸ್ಟರು ಮಾತು ಕೊಟ್ಟಿದ್ದರು. ಎಲ್ಲಿ ಇವಳಿಂದ ಸಮುದ್ರ ಕೈತಪ್ಪುತ್ತದೋ ಎಂದು ತರಗತಿಗೆ ತರಗತಿಯೇ ತಿರುಗಿಬಿತ್ತು. ಅವಳು ಒಳಗೆ ಕಾಲಿಟ್ಟರೆ ಸಾಕು, ನಲವತ್ತು ಜನ ಹಣೆ ಮುಟ್ಟಿಕೊಂಡು ಕೆಮ್ಮುತ್ತಾರೆ. "ಸತ್ಯಮ್ಮ ಬಂದ್ಲು, ದಾರಿ ಬಿಡ್ರೋ" ಎನ್ನುತ್ತಾರೆ. ಮೂರು ವರ್ಷ ಒಂದೇ ಡಬ್ಬಿಯಲ್ಲಿ ತಿಂದ ಗೆಳತಿಯೂ ಬೆಂಚು ಬದಲಾಯಿಸಿದಳು. ಇದನ್ನೆಲ್ಲ ಕಡ್ಡಿ ನನಗೆ ಹೇಳಲಿಲ್ಲ. ಹೇಳಿದ್ದು ಪಕ್ಕದ ಬೀದಿಯ ಬೇಕರಿಯವರ ಮಗಳು. ಆ ಏಳು ಜನರಲ್ಲಿ ಅವಳೂ ಒಬ್ಬಳು. ಒಂದು ಸಂಜೆ ಜಗಳಕ್ಕೆಂದೇ ನಮ್ಮ ಮನೆಗೆ ಬಂದಳು.

"ಅಕ್ಕಾ, ನಿಮ್ಮ ನಾದಿನಿಗೆ ಸ್ವಲ್ಪ ಬುದ್ಧಿ ಹೇಳಿ. ನಮಗೆ ಬಿಟ್ಟಿ ರಜ ಸಿಗ್ತಿತ್ತು. ಇವಳಿಗೇನು ಕಷ್ಟ?"

ಕಡ್ಡಿ ನನ್ನ ಮಗಳ ಜಡೆ ಹೆಣೆಯುತ್ತಿದ್ದವಳು ತಲೆ ಎತ್ತಲಿಲ್ಲ. "ರಜ ಬೇಕಾದ್ರೆ ಹಾಕು. ಯಾರು ಬೇಡ ಅಂದ್ರು? ಇಲ್ಲದ ಜ್ವರಾನ ನನ್ನ ಕೈಲಿ ಬರೆಸಬೇಡ ಅಷ್ಟೆ."

"ನನಗಿಲ್ಲದ ಉರಿ ನಿನಗ್ಯಾಕೆ?"

"ನಿನಗೆ ಆವತ್ತು ಬರೋಕೆ ಮನಸ್ಸಿಲ್ವಾ? ನಿಜ ಹೇಳು."

ಬೇಕರಿಯವರ ಮಗಳು ಬಾಗಿಲ ಬಣ್ಣವನ್ನು ಉಗುರಿನಿಂದ ಕೆರೆಯುತ್ತ ನಿಂತಳು. "ಬಂದು ಏನ್ಮಾಡ್ಲಿ? ನನಗೆ ಒಂದೂ ಬರಲ್ಲ" ಎಂದಳು. ದನಿ ಇಳಿದಿತ್ತು.

"ನನ್ನ ಪಕ್ಕ ಜಾಗ ಖಾಲಿ ಇದೆ. ಬಂದು ಕೂತ್ಕೊ."

ನಾನು ಎದ್ದು ಅಡುಗೆಮನೆಗೆ ಹೋದೆ. ಮಾಡಲು ಅಲ್ಲಿ ಏನೂ ಕೆಲಸವಿರಲಿಲ್ಲ.

ಹನ್ನೆರಡು ವರ್ಷದ ಹಿಂದೆ ಅದೇ ಶಾಲೆಯಲ್ಲಿ ಲೀಡರ್ ನಾನು. ಆ ವರ್ಷ ಎಂಟು ಜನಕ್ಕೆ ಜ್ವರ. ಇಬ್ಬರಿಗೆ ನೆಟ್ಟಗೆ ಬರೆಯಲು ಬರುತ್ತಿರಲಿಲ್ಲವೆಂದು ನನ್ನ ದುಂಡನೆಯ ಅಕ್ಷರದಲ್ಲಿ ನಾನೇ ಬರೆದುಕೊಟ್ಟೆ. ಅವರಲ್ಲೊಬ್ಬಳು ನನ್ನ ಬೆಂಚಿನವಳೇ, ಅಂಚೆಯವರ ಮಗಳು. "ನನಗೂ ಜ್ವರಾನಾ?" ಎಂದು ಕೇಳಿದಳು. "ಒಂದೇ ದಿನ ಕಣೇ" ಎಂದೆ. ಒಂದು ದಿನ ಕಳೆದು ಬಂದವಳು ಹಿಂದಿನ ಬೆಂಚಿಗೆ ಹೋಗಿ ಕೂತಳು. ಶಾಲೆ ಬಿಡುವವರೆಗೂ ಅಲ್ಲೇ. ಈಗಲೂ ತರಕಾರಿ ಅಂಗಡಿಯಲ್ಲಿ ಸಿಗುತ್ತಾಳೆ. ನಗುತ್ತಾಳೆ, ಮಗಳು ಹೇಗಿದ್ದಾಳೆಂದು ಕೇಳುತ್ತಾಳೆ. ಅಷ್ಟೆ. ಶಿಫಾರಸು ಪತ್ರ ನನಗೆ ಸಿಕ್ಕಿತು. ಆ ಕಾಲೇಜಿನ ಎರಡು ವರ್ಷ ನನ್ನ ಬದುಕಿನ ಚಂದದ ದಿನಗಳು. ಹಾಗಲ್ಲವೆಂದು ಬರೆದರೆ ಸುಳ್ಳಾಗುತ್ತದೆ.

ವಾರ ಕಳೆದ ಮೇಲೆ ಶಾಲೆಯಿಂದ ಕರೆ ಬಂತು. ನನ್ನವರಿಗೆ ಅಂಗಡಿ ಬಿಟ್ಟು ಬರಲಾಗದೆ ನಾನು ಹೋದೆ. ಹೆಡ್ಮಾಸ್ಟರು ನನ್ನ ಕಾಲದಲ್ಲಿ ವಿಜ್ಞಾನದ ಮೇಷ್ಟ್ರಾಗಿದ್ದವರು. ಈಗ ಕೂದಲು ಪೂರ್ತಿ ಬೆಳ್ಳಗಾಗಿದೆ.

"ಓಹೋ, ನೀನೇನಮ್ಮಾ! ನಮ್ಮ ಚಿನ್ನದಂಥ ಲೀಡರ್. ಸದ್ಯ, ನೀನೇ ಬಂದ್ಯಲ್ಲ. ಮೊಂಡು ಹುಡುಗಿ ಅದು. ನೀನು ಹೇಳಿದ್ರೆ ಕೇಳ್ತಾಳೆ."

ಒಂದು ಹಾಳೆ ಮುಂದೆ ತಳ್ಳಿದರು. ಎರಡೇ ಸಾಲು. ತನ್ನ ತಪ್ಪು ತಿಳಿಯಿತೆಂದೂ ಟೀಚರು ಹೇಳಿದ ಕೆಲಸ ಮಾಡುವುದಾಗಿಯೂ ಬರೆದಿತ್ತು. ಕೆಳಗೆ ಸಹಿಗೆ ಜಾಗ. ಸೋಮವಾರದೊಳಗೆ ಸಹಿಯಾಗಿ ಬಂದರೆ ಬ್ಯಾಡ್ಜೂ ವಾಪಸ್ಸು, ಶಿಫಾರಸು ಪತ್ರವೂ ಅವಳಿಗೇ. ಇಲ್ಲದಿದ್ದರೆ ಎರಡನೇ ಸ್ಥಾನದ ಹುಡುಗನಿಗೆ.

"ನಾನೇನು ಅವಳ ಶತ್ರುನಾಮ್ಮ? ಶಾಲೆ ಮಾನ ನೋಡಬೇಕಲ್ಲ" ಎಂದರು. ಅವರ ಮುಖ ನೋಡಿದರೆ ನಿಜಕ್ಕೂ ಶತ್ರುವಿನಂತೆ ಕಾಣಲಿಲ್ಲ. ಹಾಳೆ ಮಡಿಸಿ ಚೀಲಕ್ಕೆ ಹಾಕಿಕೊಂಡೆ.

ದಾರಿಯುದ್ದಕ್ಕೂ ನನಗೆ ನಾನೇ ಹೇಳಿಕೊಂಡೆ: ಹುಡುಗಿಯ ಮುಂದಿನ ಬದುಕು ಮುಖ್ಯ, ಹಟದಿಂದ ಹೊಟ್ಟೆ ತುಂಬುವುದಿಲ್ಲ. ಮಾತೇನೋ ಸರಿಯೇ. ಆದರೆ ನಮ್ಮ ಬೀದಿಯ ತಿರುವಿಗೆ ಬರುವಷ್ಟರಲ್ಲಿ ನನ್ನ ಹೆಜ್ಜೆ ಜೋರಾಗಿತ್ತು, ಒಳಗೊಳಗೇ ಖುಷಿಯಾಗಿತ್ತು. ಅವಳ ಸೀಟು ಉಳಿಯಿತೆಂಬ ಖುಷಿಯಲ್ಲ. ಅವಳೂ ಸಹಿ ಹಾಕುತ್ತಾಳೆ, ಅವಳೂ ನನ್ನ ಹಾಗೇ ಆಗುತ್ತಾಳೆ ಎಂಬ ಖುಷಿ. ಇದನ್ನು ಬರೆಯಲು ಕೈ ಹಿಂಜರಿಯುತ್ತದೆ. ಆದರೂ ಬರೆದಿದ್ದೇನೆ.

ಅವಳು ಬಂದ ಕೂಡಲೇ ಹಾಳೆ ಮತ್ತು ಪೆನ್ನು ಮಿಷನ್ನಿನ ಹಲಗೆಯ ಮೇಲಿಟ್ಟೆ.

"ಸಹಿ ಮಾಡು. ಏಳು ಕಾಗದ, ಅಷ್ಟೇ ತಾನೆ? ನಾನು ಎಂಟು ಬರೆಸಿದ್ದೆ. ನನಗೇನಾಯ್ತು?"

ಅವಳು ನನ್ನ ಮುಖ ನೋಡಿದಳು. "ಏನೂ ಆಗ್ಲಿಲ್ವಾ ಅತ್ತಿಗೆ?"

ಕುಟುಕುವ ಮಾತಲ್ಲ ಅದು. ತಿಳಿದುಕೊಳ್ಳಬೇಕೆಂದೇ ಕೇಳಿದ್ದಳು. ಅದಕ್ಕೇ ನನ್ನ ಮೈಯೆಲ್ಲ ಉರಿದುಹೋಯಿತು.

"ಎದುರು ಮಾತಾಡಬೇಡ! ಊರಿಗೊಬ್ಬಳೇ ಒಳ್ಳೆಯವಳಾ ನೀನು? ಮಿಕ್ಕವರೆಲ್ಲ ಕಳ್ಳರಾ? ನೀನು ಮಾಡದಿದ್ರೆ ನಾನೇ ನಿನ್ನ ಸಹಿ ಮಾಡಿ ಕೊಟ್ಟುಬರ್ತೀನಿ."

ಪೆನ್ನಿನ ಮುಚ್ಚಳವನ್ನೂ ತೆಗೆದೆ. ಅವಳು ತಡೆಯಲಿಲ್ಲ.

"ಮಾಡಿ ಅತ್ತಿಗೆ. ನಾನು ಹೋಗಿ, ಇದು ನನ್ನ ಸಹಿ ಅಲ್ಲ ಅಂತ ಹೇಳ್ತೀನಿ."

ಅಷ್ಟು ಹೇಳಿ ಅಲ್ಲೇ ನೆಲದ ಮೇಲೆ ಕುಸಿದು ಕೂತಳು. ಬಟ್ಟೆಯ ಚೂರುಗಳ ನಡುವೆ ಮೊಣಕಾಲಿಗೆ ಮುಖ ಒತ್ತಿ ಅಳತೊಡಗಿದಳು. "ನನಗೆ ಆ ಕಾಲೇಜು ಬೇಕು ಅತ್ತಿಗೆ. ತುಂಬ ಬೇಕು. ಮೂರು ವರ್ಷದಿಂದ ಬೇರೆ ಏನೂ ಬೇಡ್ಕೊಂಡಿಲ್ಲ. ಆದ್ರೂ ಆಗ್ತಿಲ್ಲ. ಎಷ್ಟು ಸಲ ಅಂದ್ಕೊಂಡೆ, ಬರೆಸಿಬಿಡೋಣ ಅಂತ. ಆ ಬೇಕರಿಯವಳ ಹತ್ರ ಹೋಗಿ ನಿನಗೆ ಜ್ವರ ಅಂತ ಬರಿ ಅನ್ನೋಕೆ ಬಾಯೇ ಬರಲ್ಲ."

ಇಷ್ಟು ದಿನ ನಾನು ಅಂದುಕೊಂಡಿದ್ದು ಬೇರೆ. ಇವಳು ಗಟ್ಟಿಗಿತ್ತಿ, ಇವಳಿಗೆ ಯಾವುದೂ ತಟ್ಟುವುದಿಲ್ಲ, ಅದಕ್ಕೇ ಸುಲಭ ಎಂದುಕೊಂಡಿದ್ದೆ. ನನಗೆ ಬೇಕಾಗಿದ್ದಷ್ಟೇ ಇವಳಿಗೂ ಬೇಕಾಗಿತ್ತು. ನನ್ನಷ್ಟೇ ಭಯವೂ ಇತ್ತು. ಇಷ್ಟಾಗಿಯೂ ಆಗಲ್ಲ ಎಂದಿದ್ದಳು. ಆ ಕ್ಷಣದಲ್ಲಿ ಅವಳ ಮೇಲೆ ಹುಟ್ಟಿದಂಥ ಹೊಟ್ಟೆಕಿಚ್ಚು ಯಾರ ಚಿನ್ನ, ಯಾರ ಮನೆ ನೋಡಿಯೂ ನನಗೆ ಹುಟ್ಟಿದ್ದಿಲ್ಲ. ಏನು ಮಾಡಬೇಕೆಂದು ತೋಚದೆ ಪಕ್ಕದಲ್ಲಿ ಕೂತು ಅವಳ ಕೂದಲಿಗೆ ಅಂಟಿದ್ದ ದಾರದ ಎಳೆಗಳನ್ನು ಒಂದೊಂದಾಗಿ ತೆಗೆದೆ.

ಸೋಮವಾರ ಸಹಿಯಿಲ್ಲದ ಹಾಳೆಯನ್ನೇ ಹೆಡ್ಮಾಸ್ಟರ ಮೇಜಿನ ಮೇಲಿಟ್ಟೆ. ಅವರು ಕನ್ನಡಕ ತೆಗೆದರು.

"ನೀನು ಹೀಗಿರ್ಲಿಲ್ಲಮ್ಮ."

"ಇರ್ಲಿಲ್ಲ ಸಾರ್."

ದೊಡ್ಡದಾಗಿ ಏನೋ ಹೇಳಬೇಕೆಂದು ದಾರಿಯಲ್ಲಿ ಜೋಡಿಸಿಕೊಂಡು ಹೋಗಿದ್ದೆ. ಅವರೆದುರು ನಿಂತಾಗ ಮತ್ತೆ ಹದಿನೈದು ವರ್ಷದವಳಾದೆ. ಕೊನೆಗೆ ಬಾಯಿಂದ ಬಂದದ್ದು ಇಷ್ಟೇ: "ಸಾರ್, ಪ್ರವೇಶ ಪರೀಕ್ಷೆ ಫಾರಂ ಎಲ್ಲಿ ಕೊಡ್ತಾರೆ?" ಅವರು ಗುಮಾಸ್ತರ ಕೋಣೆಯತ್ತ ಬೆರಳು ತೋರಿಸಿದರು.

ಪತ್ರಗಳನ್ನು ಎರಡನೇ ಸ್ಥಾನದ ಹುಡುಗ ಬರೆಸಿಕೊಟ್ಟ. ಆರೇ ಬಂದವು. ಬೇಕರಿಯವರ ಮಗಳು ಇನ್ಸ್‌ಪೆಕ್ಟರ್ ಬಂದ ದಿನ ಇಸ್ತ್ರಿ ಮಾಡಿದ ಯೂನಿಫಾರ್ಮ್ ಹಾಕಿಕೊಂಡು ಕಡ್ಡಿಯ ಪಕ್ಕ ಹೋಗಿ ಕೂತಳು. ಎಡಗೈ ಎತ್ತಿದಳು. ಮೇಡಂ ಬೇರೆ ಯಾರನ್ನೋ ಕರೆಯುವ ಮೊದಲೇ ಇನ್ಸ್‌ಪೆಕ್ಟರು ಇವಳನ್ನೇ ಎಬ್ಬಿಸಿದರು. ಅವಳಿಗೆ ಉತ್ತರ ಬರಲಿಲ್ಲ. "ಗೊತ್ತಿಲ್ಲ ಸಾರ್" ಎಂದಳು. ಅವರು "ಕೂತ್ಕೋಮ್ಮ" ಎಂದು ಮುಂದಿನವರನ್ನು ಕೇಳಿದರು. ನಡೆದದ್ದು ಅಷ್ಟೇ. ತರಗತಿ ಸಮುದ್ರ ನೋಡಲೂ ಹೋಯಿತು, ಇವರಿಬ್ಬರನ್ನು ಬಿಟ್ಟು. ಶಿಫಾರಸು ಪತ್ರ ಆ ಹುಡುಗನಿಗೆ ಹೋಯಿತು. ಕಡ್ಡಿ ಎರಡು ದಿನ ಮುಖ ಊದಿಸಿಕೊಂಡು ಮಲಗಿದಳು. ನನ್ನ ಮಗಳು ಅವಳ ಪಕ್ಕದಿಂದ ಏಳಲಿಲ್ಲ.

ಮೂರನೇ ದಿನ ನಾನೇ ಹೊದಿಕೆ ಎಳೆದೆ. "ಅತ್ತಿದ್ದು ಸಾಕು, ಏಳು. ಪರೀಕ್ಷೆಗೆ ಆರು ವಾರ ಇದೆ. ಆ ಕಾಲೇಜಲ್ಲಿ ಏನೇನು ಕೇಳ್ತಾರೆ ಅಂತ ಈ ಮನೇಲಿ ನನಗೊಬ್ಬಳಿಗೇ ಗೊತ್ತಿರೋದು."

ಈಗ ದಿನಾ ಸಂಜೆ ಮಿಷನ್ನಿನ ಮೇಲೆ ಬಟ್ಟೆ ಮುಚ್ಚಿ ಅದನ್ನೇ ಮೇಜು ಮಾಡಿಕೊಂಡು ಕೂರುತ್ತೇವೆ. ಟ್ರಂಕಿನಿಂದ ನನ್ನ ಹಳೆಯ ನೋಟ್ಸು ತೆಗೆದಿದ್ದೇನೆ. ಆ ಎಂಟು ಪತ್ರಗಳಿಂದ ನನಗೆ ಸಿಕ್ಕಿದ ಓದು ಇದು. ಅದರಿಂದಲೇ ಅವಳಿಗೆ ಪಾಠ ಹೇಳುತ್ತಿದ್ದೇನೆಂದು ಅವಳಿಗೂ ಗೊತ್ತು. ಸೀಟು ಸಿಗುತ್ತದೋ ಇಲ್ಲವೋ, ಯಾರು ಹೇಳಬಲ್ಲರು? ನಿನ್ನೆ ಬೀಜಗಣಿತದ ಒಂದು ಲೆಕ್ಕ ಕೊಟ್ಟೆ. ಹಾಸ್ಟೆಲಿನಲ್ಲಿ ಅದನ್ನು ಬಿಡಿಸಲು ನನಗೆ ಮೂರು ದಿನ ಹಿಡಿದಿತ್ತು. ಕಡ್ಡಿ ಪೆನ್ಸಿಲ್ ಕಚ್ಚುತ್ತ ಹತ್ತು ನಿಮಿಷದಲ್ಲಿ ಮುಗಿಸಿ ಪುಸ್ತಕವನ್ನು ನನ್ನತ್ತ ತಿರುಗಿಸಿದಳು.

"ಸರಿ ಇದ್ಯಾ ಅತ್ತಿಗೆ?"

ಎರಡು ಸಲ ನೋಡಿದೆ, ಎಲ್ಲಾದರೂ ತಪ್ಪು ಸಿಕ್ಕೀತೇನೋ ಎಂದು. ಸಿಗಲಿಲ್ಲ.

"ಸರಿ ಇದೆ. ಮುಂದಿನದು ಮಾಡು" ಎಂದೆ, ತುಸು ಗಡುಸಾಗಿಯೇ.