ಕೌದಿಯೊಳಗಿನ ಸೂಜಿ

“ಬಿಚ್ಚಬ್ಯಾಡ್ರಿ ಯವ್ವಾ, ತಡೀರಿ!” ಎನ್ನುತ್ತ ತಾರ್ ಮಾಸ್ತರರು ಅಜ್ಜಿಯ ಕೈಯಿಂದ ಕತ್ತರಿ ಕಸಿದುಕೊಂಡರು. ನಿಜಾಮರ ಕಾಲದ ಕೊನೆಯ ವರ್ಷಗಳವು. ಅವರು ಕೊಪ್ಪಳ ಸ್ಟೇಷನ್ನಿನಲ್ಲಿ ಟೆಲಿಗ್ರಾಂ ಕಳಿಸುವವರು, ನಮ್ಮ ನೆರೆಯವರು. ನನ್ನ ತಂಗಿಯ ಕೂಸಿಗೆಂದು ಅಜ್ಜಿ ಹಳೆಯ ಸೀರೆಗಳನ್ನು ಪದರ ಪದರವಾಗಿ ಸೇರಿಸಿ ಮೂರು ತಿಂಗಳು ಹೊಲಿದ ಕೌದಿಯೊಳಗೆ ಸೂಜಿಯೊಂದು ಉಳಿದುಬಿಟ್ಟಿತ್ತು. ಕೂಸನ್ನು ತೊಟ್ಟಿಲಿಗೆ ಹಾಕುವುದು ಅಂದೇ ಸಂಜೆ.

ಮಾಸ್ತರರು ಕಬ್ಬಿಣದ ಮೊಳೆಗೆ ತಂತಿ ಸುತ್ತಿ, ಬ್ಯಾಟರಿಗೆ ಜೋಡಿಸಿ, ಕೌದಿಯ ಮೇಲೆ ಮೆಲ್ಲಗೆ ಆಡಿಸಿದರು. ಒಂದು ಮೂಲೆಯಲ್ಲಿ ಬಟ್ಟೆ ಮೊಳೆಗೆ ಅಂಟಿ ಮೇಲೆದ್ದಿತು. ಅಲ್ಲಿ ಎರಡೇ ಹೊಲಿಗೆ ಬಿಚ್ಚಿದಾಗ ಸೂಜಿ ಚಟ್ಟನೆ ಮೊಳೆಗೆ ಬಂದು ಕೂತಿತು. ಬ್ಯಾಟರಿಯಿಂದ ತಂತಿ ತೆಗೆದೊಡನೆ ಸೂಜಿ ಕೆಳಗೆ ಬಿತ್ತು. ಅಜ್ಜಿ ಅದನ್ನು ಡಬ್ಬಿಗೆ ಹಾಕಲು ಹೋದರೆ, ಒಳಗಿದ್ದ ಇನ್ನೊಂದು ಸೂಜಿ ಅದಕ್ಕೇ ಅಂಟಿಕೊಂಡಿತು!

“ಮೊಳಿ ಹಿಡಿಯೂದು ಮರತೈತಿ, ಸೂಜಿ ಮರತಿಲ್ಲ. ಯಾಕ್ರೀ ಮಾಸ್ತರ?” ಎಂದಳು ಅಜ್ಜಿ.

“ನನಗ ತಾರ್ ಹೊಡಿಯಾಕ ಅಷ್ಟ ಬರತೈತಿ ಯವ್ವಾ,” ಎಂದು ಅವರು ನಕ್ಕರು.

ಅಜ್ಜಿ ನನ್ನತ್ತ ತಿರುಗಿದಳು. “ಏ ಕ್ವಾಣಾ, ಹಂಗಾರ ನೀನರ ಸಾಲಿಗೆ ಹೋಗಿ ಕೇಳ್ಕೊಂಡು ಬಾ.”

ಶಾಲೆಯ ಮುಖ ಕಾಣದೆ ಇಪ್ಪತ್ತು ದಾಟಿದ್ದ ನಾನು ಆ ಪ್ರಶ್ನೆಗಾಗಿಯೇ ಶಾಲೆಗೆ ಸೇರಿದೆ. ಮೊಳೆಯ ಮೆತ್ತನೆಯ ಕಬ್ಬಿಣ ಕಾಂತಶಕ್ತಿಯನ್ನು ಬೇಗ ಬಿಡುತ್ತದೆ, ಸೂಜಿಯ ಉಕ್ಕು ಹಿಡಿದಿಟ್ಟುಕೊಳ್ಳುತ್ತದೆ ಎಂದು ಕಲಿತು, ಓಡಿಬಂದು ಹೇಳಿದೆ. “ಉಕ್ಕು ಯಾಕ ಹಿಡ್ಕೊಂತೈತಿ?” ಎಂದಳು ಅಜ್ಜಿ. ಅದನ್ನು ಇನ್ನೂ ಓದುತ್ತಿದ್ದೇನೆ.