ಬೇಲಿಯ ಹೊರಗೆ ನಿಂತ ಕಾರು

ಸುಳ್ಯದ ಬಾಡಿಗೆ ಕಾರಿನವರಲ್ಲಿ ತ್ಯಾಂಪಣ್ಣನಷ್ಟು ಬಾಯಿಜೋರಿನವನು ಇನ್ನೊಬ್ಬನಿರಲಿಲ್ಲ. ಆ ಬಾಯಿಯೇ ಅವನನ್ನು ಕಟ್ಟಿಹಾಕಿತು. ನೆನೆದರೆ ನನಗೆ ನಗು ಬರಬೇಕಿತ್ತು, ಬರುವುದು ಸಿಟ್ಟು.

ಎಪ್ಪತ್ತರ ದಶಕ ಮುಗಿಯುತ್ತ ಬಂದಿತ್ತು. ಅಲ್ಲಿಯವರೆಗೆ ಕಾರುಗಳು ನನ್ನ ಸೋಡಾ ಅಂಗಡಿಯೆದುರಿನ ಮರದಡಿಯಲ್ಲಿ ಪುಕ್ಕಟೆಯಾಗಿ ನಿಲ್ಲುತ್ತಿದ್ದವು. ಪಂಚಾಯತಿಗೆ ಒಂದು ದಿನ ಇದ್ದಕ್ಕಿದ್ದಂತೆ ಜ್ಞಾನೋದಯವಾಯಿತು. ಮಾರುಕಟ್ಟೆಯ ಹಿಂದಿನ ಜಾಗಕ್ಕೆ ತಂತಿ ಬೇಲಿ ಹಾಕಿ, ಪೇಟೆಯಲ್ಲಿ ಕಾರು ನಿಲ್ಲಿಸುವವರು ಇನ್ನು ಅಲ್ಲೇ, ದಿನದ ಶುಲ್ಕ ಕೊಟ್ಟು ನಿಲ್ಲಿಸಬೇಕೆಂದು ಬೋರ್ಡು ಬರೆಸಿತು. ಮರದಡಿ ನಿಂತರೆ ಪೊಲೀಸರು ಬಂದು ಎಬ್ಬಿಸತೊಡಗಿದರು.

ಉಳಿದ ಚಾಲಕರು ನಾಲ್ಕು ದಿನ ಗೊಣಗಿ, ಐದನೆಯ ದಿನ ಒಳಗೆ ಹೋದರು. ತ್ಯಾಂಪಣ್ಣ ಹೋಗಲಿಲ್ಲ. ಗುತ್ತಿಗಾರಿನ ಶೀನಪ್ಪ ಅವನ ಜೀವದ ಗೆಳೆಯ, ಬೇರೆಯವರ ಕಾರು ಓಡಿಸುತ್ತಿದ್ದವನು. ಅವನನ್ನು ಎಳೆದುಕೊಂಡು ದೈವದ ಸ್ಥಾನಕ್ಕೆ ಹೋಗಿ, ಇಬ್ಬರೂ ಯಾವ ಗಾಡಿಯನ್ನೂ ಆ ಬೇಲಿಯೊಳಗೆ ನಿಲ್ಲಿಸುವುದಿಲ್ಲ ಎಂದು ಆಣೆ ಹಾಕಿಸಿದ. ನಮ್ಮ ಕಡೆ ಒಟ್ಟಿಗೆ ಹಾಕಿದ ಆಣೆಯನ್ನು ಒಟ್ಟಿಗೇ ಹೋಗಿ ಬಿಡಿಸಬೇಕು. ಒಬ್ಬನೇ ಹೋದರೆ ದೈವ ಒಪ್ಪುವುದಿಲ್ಲ. ಶೀನಪ್ಪ ಜಾರಿಕೊಳ್ಳಬಾರದೆಂದೇ ಇವನು ಹೂಡಿದ ಉಪಾಯ ಅದು.

ಬಾಡಿಗೆ ಸಿಗದ ಕಾರನ್ನು ಶೀನಪ್ಪನ ಧಣಿ ಮಾರಿಬಿಟ್ಟರು. ಶೀನಪ್ಪ ಊರಿಗೆ ಮರಳಿ ಒಂದು ರಬ್ಬರ್ ತೋಟದ ಜೀಪಿಗೆ ಸೇರಿಕೊಂಡ. ಹೊರಟ ದಿನ ತ್ಯಾಂಪಣ್ಣ ನನ್ನ ಅಂಗಡಿಯೆದುರು, ಹತ್ತು ಜನರ ಮುಂದೆ, ಅವನನ್ನು ಹೇಡಿ ಎಂದು ಕರೆದ. ಶೀನಪ್ಪ ಅರ್ಧ ಕುಡಿದ ಸೋಡಾ ಇಟ್ಟು ಬಸ್ಸು ಹತ್ತಿದ.

ಅಲ್ಲಿಂದ ಶುರುವಾಯಿತು ತ್ಯಾಂಪಣ್ಣನ ಜೈಲು. ಪೇಟೆಯ ಗಡಿ ದಾಟಿ, ಅರಂತೋಡಿನ ದಾರಿಯ ಮೋರಿಯ ಬಳಿ ಕಾರು ನಿಲ್ಲಿಸಿ ದಿನವಿಡೀ ಕಾಯುವುದು. ಬಸ್ಸಿಳಿದವರು ಬೇಲಿಯೊಳಗಿನ ಕಾರು ಹಿಡಿಯುತ್ತಿದ್ದರೇ ಹೊರತು ಮೋರಿಯವರೆಗೆ ನಡೆಯುತ್ತಿರಲಿಲ್ಲ. ಮನೆಯಲ್ಲಿ ಗಂಜಿ ತೆಳ್ಳಗಾಯಿತು. ಹೆಂಡತಿ ಅಮ್ಮು ಬೀಡಿ ಕಟ್ಟತೊಡಗಿದಳು. ಆಣೆ ಬಿಡಿಸದೆ ಬದುಕಿಲ್ಲವೆಂದು ಅವನಿಗೂ ಗೊತ್ತಿತ್ತು. ಆದರೆ ಹೇಡಿ ಎಂದವನ ಬಾಗಿಲಿಗೆ ಹೋಗುವುದು ಹೇಗೆ?

"ಆಣೆ ಹಾಕಿದ್ದು ನೀವು, ನಾನಲ್ಲ. ಕಾರನ್ನು ಬೇರೆ ಯಾರಾದರೂ ಒಳಗೆ ಇಡ್ಲಿ, ದುಡ್ಡು ನಾನು ಕೊಡ್ತೇನೆ" ಎಂದಳಂತೆ ಅಮ್ಮು. ದೈವಕ್ಕೆ ಕಣ್ಣಿಲ್ಲವೇ ಎಂದು ಇವನು ರೇಗಿದ. ಶೀನಪ್ಪನಿಗೇನು, ತೋಟದಲ್ಲಿ ಹಾಯಾಗಿದ್ದಾನೆ, ಆಣೆಯ ಭಾರವೆಲ್ಲ ನನ್ನ ತಲೆಗೆ ಎಂಬುದು ಅವನ ದಿನನಿತ್ಯದ ಪಾಠ. ಹೀಗೇ ವರ್ಷಗಳು ಕಳೆದವು. ಹಠಕ್ಕೂ ಒಂದು ಮಿತಿ ಬೇಡವೇ?

ಕೊನೆಗೆ ಅಮ್ಮು ಹೇಳದೆ ಕೇಳದೆ ಗುತ್ತಿಗಾರಿಗೆ ಹೋದಳು. ಬಂದವಳು ಮೋರಿಯ ಬಳಿಯೇ ಬಸ್ಸಿಳಿದು ಗಂಡನಿಗೆ ವಿಷಯ ಹೇಳಿದಳು. ಶೀನಪ್ಪನ ಜೀಪಿನ ಕೆಲಸ ಹೋಗಿ ಬಹಳ ಕಾಲವಾಗಿತ್ತು. ಸುಳ್ಯಕ್ಕೆ ಬಂದಿದ್ದಾಗ ತೋಟದ ಧಣಿ ಜೀಪನ್ನು ಬೇಲಿಯೊಳಗೆ ಇಡೆಂದರಂತೆ, ಶೀನಪ್ಪ ಆಗುವುದಿಲ್ಲವೆಂದನಂತೆ. ಅಲ್ಲೇ ಕೀಲಿಕೈ ಕಸಿದುಕೊಂಡರಂತೆ. ಈಗ ಕಾಡಿನಲ್ಲಿ ಮರ ಹೊರುತ್ತಾನೆ. ಹೇಡಿ ಎನಿಸಿಕೊಂಡವನು ಆಣೆ ಬಿಡಿಸೆಂದು ಕೇಳಲು ಬರುವುದೂ ಹೇಗೆ?

ತ್ಯಾಂಪಣ್ಣ ಆ ಗಳಿಗೆಯಲ್ಲೇ ಗುತ್ತಿಗಾರಿಗೆ ಕಾರು ತೆಗೆದ. ಶೀನಪ್ಪ ಬಂದು ಹಿಂದಿನ ಸೀಟಿನಲ್ಲಿ ಕುಳಿತನಂತೆ. ಇಬ್ಬರೂ ಸ್ಥಾನದಲ್ಲಿ ತಪ್ಪುಕಾಣಿಕೆ ಇಟ್ಟು ಪ್ರಸಾದ ತೆಗೆದುಕೊಂಡರು. ಹೊರಗೆ ಬಂದ ಮೇಲೆ ತ್ಯಾಂಪಣ್ಣ ಅವನ ಕೈ ಹಿಡಿದುಕೊಂಡ.

"ಇನ್ನು ಹಗುರ ಆಯ್ತಲ್ಲ ಮಾರಾಯ?"

"ನಿನಗೆ ಆಯ್ತು" ಎಂದ ಶೀನಪ್ಪ. "ಒಳಗೆ ಇಡ್ಲಿಕ್ಕೆ ನಿನಗೆ ಕಾರು ಉಂಟು."

ಬಿಟ್ಟುಬರುತ್ತೇನೆಂದರೂ ಕೇಳದೆ ಅವನು ಬಸ್ಸಿಗೆ ನಡೆದ. ಮರುದಿನ ಬೆಳಿಗ್ಗೆ ತ್ಯಾಂಪಣ್ಣ ಬೇಲಿಯ ಬಾಗಿಲವರೆಗೆ ಬಂದದ್ದನ್ನು ನಾನೇ ಕಂಡೆ. ಶುಲ್ಕದ ಚೀಟಿಯವನು ಕೈ ಚಾಚಿದ. ಇವನು ತುಂಬ ಹೊತ್ತು ಇಂಜಿನ್ ಆರಿಸದೆ ಕುಳಿತಿದ್ದು, ಕಾರನ್ನು ಹಿಂದಕ್ಕೆ ತೆಗೆದು ಮೋರಿಯ ಕಡೆಗೇ ಹೋದ. ಆಮೇಲೆಯೂ ಅವನು ಅಲ್ಲೇ ನಿಂತ, ಯಾವ ಆಣೆಯೂ ಇಲ್ಲದೆ.