ಒಂದು ಎಲೆಯಡಿಕೆಯ ಹೊತ್ತು

ನಾನು ಪಂಪುಗಳನ್ನು ನೋಡಿ ರಿಪೋರ್ಟ್ ಕೊಡುವ ಮಣಿಪಾಲದ ಒಂದು ಅಪಾರ್ಟ್‌ಮೆಂಟಿನ ಕಾರ್ಯದರ್ಶಿ ಫೋನ್ ಮಾಡಿದಾಗ ಉದ್ಯಾವರದ ಮೀನೆಣ್ಣೆ ಕಾರ್ಖಾನೆಯಲ್ಲಿ ಗೇರ್ ಪಂಪೊಂದನ್ನು ಬಿಚ್ಚಿ ಕೂತಿದ್ದೆ. ಎರಡು ಕೈಗೂ ಎಣ್ಣೆ. ಮೊಣಕೈಯಿಂದ ಫೋನ್ ಒತ್ತಿ ಸ್ಪೀಕರಿಗೆ ಹಾಕಿದೆ.

"ಕಾರ್ಕಳದವರೊಬ್ಬರು ನಮ್ಮಲ್ಲಿ ಪಂಪ್ ಆಪರೇಟರ್ ಕೆಲಸ ಕೇಳಿಕೊಂಡು ಬಂದಿದ್ದಾರೆ. ಮೊದಲು ಕಲ್ಲಿನ ಕೋರೆಯಲ್ಲಿ ಇದ್ದರಂತೆ. ಅಲ್ಲಿ ವಿಚಾರಿಸಿದರೆ ಅವರೊಂದು ಹಳೆಯ ರಿಪೋರ್ಟ್ ಕಳಿಸಿದ್ದಾರೆ. ಕೆಳಗೆ ನಿಮ್ಮ ಸಹಿ ಉಂಟು. ಎಂತ ಇದು? ಪಂಪ್ ಸುಟ್ಟ ಜನವಾ ಇವರು?"

ಸಂಜೆ ಹೇಳುತ್ತೇನೆ ಎಂದೆ. ಆದರೆ ಆ ಮನುಷ್ಯ ಯಾರೆಂದು ಆಗಲೇ ಗೊತ್ತಾಗಿತ್ತು.

ಎಂಜಿನಿಯರಿಂಗ್ ಓದಿ ಹೊರಬಂದಾಗಿನಿಂದ ನನ್ನ ಕೆಲಸ ಇದೇ. ಕಂಪೆನಿಗಳನ್ನು ಬದಲಾಯಿಸಿದ್ದೇನೆ, ಪಂಪು ಬದಲಾಗಲಿಲ್ಲ. ವರ್ಷಕ್ಕೊಮ್ಮೆಯಾದರೂ ಎಲ್ಲ ಬಿಟ್ಟುಬಿಡೋಣ ಎನಿಸುತ್ತದೆ, ಅಷ್ಟರಲ್ಲಿ ಎಲ್ಲಿಂದಲೋ ಕರೆ ಬರುತ್ತದೆ. ಮೀನೆಣ್ಣೆಯಂಥ ಮಂದ ದ್ರವಕ್ಕೆ ಹಲ್ಲಿಗೆ ಹಲ್ಲು ಕೂಡಿಸಿ ತಳ್ಳುವ ಗೇರ್ ಪಂಪ್ ಬೇಕು. ವಸತಿಗೃಹಗಳ ಕೊಳಚೆಯ ಕೆಸರಿಗೆ ಸ್ಕ್ರೂ ಪಂಪ್. ಕುಡಿಯುವ ನೀರಿಗೆ ಕ್ಲೋರಿನ್ ಹನಿಸಲು ಅಂಗೈಯಗಲದ ಡೋಸಿಂಗ್ ಪಂಪ್. ನೀರೊಳಗೇ ಮುಳುಗಿ ಕೂರುವ ಸಬ್‌ಮರ್ಸಿಬಲ್ಲಿಗೆ ಯಾರ ಆರೈಕೆಯೂ ಬೇಡ. ಹಠಮಾರಿ ಎಂದರೆ ದಡದ ಮೇಲೆ ಕೂತು ಕೆಳಗಿನ ನೀರನ್ನು ಎಳೆಯುವ ಸೆಂಟ್ರಿಫ್ಯೂಗಲ್ ಪಂಪ್. ಅದು ನೀರು ಎಳೆಯಬೇಕಾದರೆ ಮೊದಲು ನಾವೇ ಹೊಟ್ಟೆ ತುಂಬ ನೀರು ಕುಡಿಸಬೇಕು. ಒಳಗೆ ಗಾಳಿ ಉಳಿದರೆ ಬರೀ ಸುತ್ತುತ್ತದೆ, ಬಿಸಿಯಾಗಿ ಒಳಗಿನ ಸೀಲ್ ಸುಡುತ್ತದೆ.

ಕಾರ್ಕಳದ ಕೋರೆಯಲ್ಲಿದ್ದದ್ದು ಅಂಥದ್ದೇ. ಮಳೆಗಾಲದಲ್ಲಿ ಕಲ್ಲು ತೆಗೆದ ಹೊಂಡ ಕೆರೆಯಾಗುತ್ತದೆ, ಆ ನೀರನ್ನು ಹೊರಹಾಕಬೇಕು. ಅದನ್ನು ನೋಡಿಕೊಳ್ಳುತ್ತಿದ್ದವರಿಗೆ ಆಗ ಐವತ್ತರ ಹತ್ತಿರ ಇರಬಹುದು. ಅವರದೊಂದು ಕ್ರಮವಿತ್ತು. ಪಂಪಿನ ಮೇಲಿನ ಕೊಳವೆಬಾಯಿಗೆ ಕೊಡದಿಂದ ನೀರು ತುಂಬಿಸುವುದು, ಪಕ್ಕದಲ್ಲಿ ಕೂತು ಒಂದು ಎಲೆಯಡಿಕೆ ಹಾಕುವುದು. ಅದು ಜಗಿದು ಮುಗಿಯುವ ತನಕ ನೀರಿನ ಮಟ್ಟ ಇಳಿಯದಿದ್ದರೆ ಮಾತ್ರ ಸ್ವಿಚ್. ಇಳಿದರೆ ಎಲ್ಲೋ ಸೋರುತ್ತಿದೆ ಎಂದರ್ಥ. ನನ್ನ ಪಠ್ಯಪುಸ್ತಕದಲ್ಲಿ ಇದಕ್ಕಿಂತ ಒಳ್ಳೆಯ ಪರೀಕ್ಷೆ ಇರಲಿಲ್ಲ.

ಆ ದಿನ ಬೆಳಿಗ್ಗೆ ನಾನೇ ನೀರೆಳೆಯುವ ಸಕ್ಷನ್ ಪೈಪ್ ಬಿಚ್ಚಿ ತಳದ ವಾಲ್ವ್ ಬದಲಾಯಿಸಿ ಮತ್ತೆ ಜೋಡಿಸಿದೆ. ಅವರು ನೀರು ತುಂಬಿಸಿ ಎಲೆಗೆ ಸುಣ್ಣ ಸವರುತ್ತಿದ್ದಾಗ ನಾನು ಹೊರಟೆ. ಪರ್ಕಳ ದಾಟುವ ಮೊದಲೇ ಫೋನ್ ಬಂತು. ಹಿಂದೆ ಹೋಗಿ ನೋಡಿದರೆ ಪಂಪ್ ಹೊಗೆಯಾಡಿ ನಿಂತಿತ್ತು. ಬಿಚ್ಚಿದೆ. ಸೀಲ್ ಒಡೆದು ಕಪ್ಪಾಗಿತ್ತು. ನೀರಿಲ್ಲದೆ ಓಡಿದೆ, ಅದರಲ್ಲಿ ಸಂಶಯವಿರಲಿಲ್ಲ.

"ತುಂಬಿಸಿದ್ದೇನೆ ಸರ್," ಎಂದರು ಅವರು. "ಎಲೆ ಮುಗಿಯುವ ತನಕ ನೋಡಿದ್ದೇನೆ. ಒಂದು ಬೆರಳು ಇಳಿಯಲಿಲ್ಲ. ನೀರೂ ಬಂತು. ಆಚೆ ಹೋಗಿ ಹೋಸ್ ಸರಿ ಮಾಡಿ ಬರುವುದರೊಳಗೆ ಹೀಗಾಯ್ತು."

"ಎಲೆ ಜಗಿಯುವುದೇ ಕೆಲಸ ನಿನಗೆ," ಎಂದ ಸೂಪರ್‌ವೈಸರ್. "ಪಂಪ್ ಯಾವಾಗ ನೋಡ್ತೀಯ ಮಾರಾಯ?"

ನಾನು ಬರೆದೆ: ನೀರು ತುಂಬಿಸದೆ ಚಾಲೂ ಮಾಡಿದ್ದರಿಂದ ಹಾನಿ. ಆಪರೇಟರ್ ನಿರ್ಲಕ್ಷ್ಯ. ಸಕ್ಷನ್ ಜೋಡಣೆ ಪರೀಕ್ಷಿಸಲಾಗಿದೆ, ದೋಷವಿಲ್ಲ. ಅವರನ್ನು ಪಂಪಿನಿಂದ ತೆಗೆದು ಗೇಟು ಕಾಯಲು ಹಾಕಿದರು ಎಂದು ಆಮೇಲೆ ಕೇಳಿದೆ. ಅದರ ಬಗ್ಗೆ ಹೆಚ್ಚು ಯೋಚಿಸಿದ ನೆನಪಿಲ್ಲ.

ಉದ್ಯಾವರದಿಂದ ಹಿಂದಿರುಗುವಾಗ ನೆಮ್ಮದಿಗೆಂದು ರಿಪೋರ್ಟಿನ ಆ ಕೊನೆಯ ವಾಕ್ಯವನ್ನೇ ಹಿಡಿದುಕೊಂಡೆ. ಪರೀಕ್ಷಿಸಿದ್ದೇನೆ, ಕಣ್ಣಿಗೆ ಕಟ್ಟಿದ ಹಾಗೆ ನೆನಪಿದೆ. ಪೈಪಿನ ಉದ್ದಕ್ಕೂ ಕೈಯಾಡಿಸಿದ್ದೇನೆ, ಬೋಲ್ಟುಗಳನ್ನು ಒಂದೊಂದಾಗಿ ಮುಟ್ಟಿದ್ದೇನೆ, ಬೆರಳು ಮರಗಟ್ಟಿ ಅಂಗಿಗೆ ಉಜ್ಜಿಕೊಂಡಿದ್ದೇನೆ. ಪೈಪಿನ ಮೇಲೆ ತೆಳ್ಳಗೆ ಬಿಳಿಯ ಹಿಮ ಕಟ್ಟಿತ್ತು.

ಕಾರ್ಕಳದ ಕೋರೆಯಲ್ಲಿ ಹಿಮ.

ಸ್ಕೂಟರನ್ನು ಹೆದ್ದಾರಿಯ ಬದಿಗೆ ನಿಲ್ಲಿಸಿದೆ. ಅದು ಕಾಪುವಿನ ಐಸ್ ಪ್ಲಾಂಟಿನ ಪೈಪು. ಅಲ್ಲಿ ಕೊರೆಯುವ ಉಪ್ಪುನೀರನ್ನು ಸುತ್ತಿಸುವ ಪಂಪಿದೆ, ಅದರ ಪೈಪಿಗೆ ಯಾವಾಗಲೂ ಹಿಮ. ಅಲ್ಲಿ ಮುಟ್ಟಿದ ಕೈಯನ್ನು ನಾನು ಕೋರೆಯ ಪೈಪಿಗೆ ಅಂಟಿಸಿಕೊಂಡು ಇಷ್ಟು ವರ್ಷ ನೆಮ್ಮದಿಯಾಗಿದ್ದೆ. ಅದನ್ನು ತೆಗೆದರೆ ಕೋರೆಯ ಆ ಹೊತ್ತಿನದು ಏನೂ ಉಳಿಯುವುದಿಲ್ಲ. ಮುಟ್ಟಿರಬಹುದು. ಮುಟ್ಟದೆಯೂ ಇರಬಹುದು. ಪಂಪಿನ ಪಕ್ಕದ ಜೋಡಣೆ ಸರಿಯಾಗಿ ಬಿಗಿಯದಿದ್ದರೆ, ಪಂಪ್ ನಿಂತಿರುವಾಗ ಅಲ್ಲಿ ಮಟ್ಟ ಇಳಿಯುವಷ್ಟು ಸೋರುವುದಿಲ್ಲ. ಓಡತೊಡಗಿದ ಮೇಲೆ ಅದೇ ಸಂದಿನಿಂದ ಗಾಳಿ ಎಳೆಯುತ್ತದೆ, ನೀರು ತಪ್ಪಿಹೋಗುತ್ತದೆ. ಎಷ್ಟು ಎಲೆಯಡಿಕೆ ಜಗಿದರೂ ಅದು ಗೊತ್ತಾಗುವಂಥದ್ದಲ್ಲ. ಮತ್ತು ಆ ಬೆಳಿಗ್ಗೆ ಆ ಜೋಡಣೆಯನ್ನು ಬಿಗಿದವನು ನಾನು.

ಕಾರ್ಯದರ್ಶಿಯಿಂದ ನಂಬರ್ ಪಡೆದು ಅವರಿಗೆ ಫೋನ್ ಮಾಡಿದೆ. ನಾನು ಯಾರೆಂದು ಹೇಳಿದೆ.

"ಆ ದಿನ ಹಿಂದೆ ಬಂದಾಗ ನಾನು ಪೈಪ್ ಮುಟ್ಟಿ ನೋಡಿದೆನಾ?" ಎಂದು ಕೇಳಿದೆ.

"ನನಗೆಂತ ಗೊತ್ತು ಸರ್? ಬೈದ ಮೇಲೆ ನನ್ನನ್ನು ಆಫೀಸಿಗೆ ಕರೆದು ನಿಲ್ಲಿಸಿದ್ದರಲ್ಲ."

ಹಿಮದ ವಿಷಯ ಹೇಳಿದೆ. ಅವರಿಗೆ ನಗು ತಡೆಯಲಾಗಲಿಲ್ಲ. "ಕೋರೆಯಲ್ಲಿ ಐಸಾ! ಎಂತ ಮಾರಾಯ್ರೇ, ಬೈಗುಳ ಬಿಟ್ಟರೆ ನಮಗೆ ಅಲ್ಲಿ ಕುಡಿಯಲಿಕ್ಕೆ ತಣ್ಣೀರೂ ಇರಲಿಲ್ಲ." ನಗು ನಿಂತ ಮೇಲೆ ಹೇಳಿದರು, "ಗೇಟಿನಲ್ಲಿ ಕೂತು ಕೂತು ಸಾಕಾಯ್ತು ಸರ್. ನನಗೆ ಬರುವ ಕೆಲಸ ಪಂಪಿನದ್ದು. ಈ ಒಂದು ಸಿಕ್ಕಿದರೆ ಸಾಕಿತ್ತು."

ಆ ಸಂಜೆ ಕಾರ್ಯದರ್ಶಿಗೆ ಒಂದು ಕಾಗದ ಬರೆದುಕೊಟ್ಟೆ: ಸಕ್ಷನ್ ಜೋಡಣೆಯನ್ನು ನಾನು ಪರೀಕ್ಷಿಸಿದ್ದೆ ಎನ್ನಲು ಆಧಾರವಿಲ್ಲ. ದೋಷ ನನ್ನ ಜೋಡಣೆಯಲ್ಲೇ ಇದ್ದಿರಬಹುದು. ಆಪರೇಟರ್ ನಿರ್ಲಕ್ಷ್ಯ ಎಂದು ಬರೆದದ್ದನ್ನು ಹಿಂತೆಗೆದುಕೊಂಡಿದ್ದೇನೆ. ಪ್ರತಿಯನ್ನು ಕೋರೆಗೂ ಕಳಿಸಿದೆ.

ಕಾರ್ಯದರ್ಶಿ ಕನ್ನಡಕ ಸರಿಮಾಡಿಕೊಂಡು ಎರಡು ಸಲ ಓದಿದರು. "ಹಾಗಾದರೆ ನಮ್ಮ ಪಂಪುಗಳಿಗೆ ನೀವು ಕೊಟ್ಟ ರಿಪೋರ್ಟುಗಳು?"

"ಅವನ್ನೂ ಇನ್ನೊಮ್ಮೆ ನೋಡಬೇಕು," ಎಂದೆ.

"ಅವರನ್ನೇ ತೆಗೆದುಕೊಳ್ಳುತ್ತೇವೆ. ನೀವು ಬಂದು ಅವರ ಎದುರಿಗೇ ಎಲ್ಲ ನೋಡಿ ಕೊಡಿ."

ಹೋದೆ. ನೆಲದಡಿಯ ಪಂಪ್ ಕೋಣೆ, ಸಂಪಿನ ನೀರನ್ನು ಮಾಳಿಗೆಯ ಟ್ಯಾಂಕಿಗೆ ಏರಿಸುವ ಎರಡು ಸೆಂಟ್ರಿಫ್ಯೂಗಲ್‌ಗಳು. ಅವರ ತಲೆ ಪೂರ್ತಿ ನೆರೆತಿತ್ತು. ನೀರು ತುಂಬಿಸಿ, ಬಕೆಟ್ ಬೋರಲು ಹಾಕಿ ಅದರ ಮೇಲೆ ಕೂತು ಎಲೆ ಮಡಿಸಿದರು. ನನಗೂ ಒಂದು ಚಾಚಿದರು. ಇಬ್ಬರೂ ಜಗಿಯುತ್ತ ನೀರಿನ ಮಟ್ಟ ನೋಡುತ್ತಿದ್ದೆವು. ಈ ಸಲ ನಾನು ಮಧ್ಯದಲ್ಲಿ ಏಳಲಿಲ್ಲ. ಸ್ವಿಚ್ ಹಾಕಿದ ಮೇಲೆ ಊದುಬತ್ತಿ ಹಚ್ಚಿ ಒಂದೊಂದು ಜೋಡಣೆಯ ಸುತ್ತಲೂ ಹಿಡಿದೆ. ಗಾಳಿ ಎಳೆಯುತ್ತಿದ್ದರೆ ಹೊಗೆ ಒಳಕ್ಕೆ ಬಾಗುತ್ತದೆ. ಬಾಗಲಿಲ್ಲ.

"ಇಷ್ಟೇ ಕೆಲಸ ಅಲ್ವಾ," ಎಂದರು. ಕೋಪವೋ ತಮಾಷೆಯೋ, ಆ ಮಂದ ಬೆಳಕಿನಲ್ಲಿ ತಿಳಿಯಲಿಲ್ಲ.

ಹೌದು ಎಂದೆ. ಎರಡನೆಯ ಪಂಪನ್ನೂ ಹಾಗೆಯೇ ನೋಡಿ ಮುಗಿಸಿ ಬ್ಯಾಗ್ ಎತ್ತಿಕೊಂಡೆ. ಅವರು ಬಾಗಿಲಿಗೆ ಅಡ್ಡವಾಗಿ ಕೈಯಿಟ್ಟು, ಗೋಡೆಯ ಮೊಳೆಯಲ್ಲಿ ನೇತಾಡುತ್ತಿದ್ದ ದಾಖಲೆ ಪುಸ್ತಕ ತೋರಿಸಿದರು.

"ಇಲ್ಲಿಯೇ ನಿಂತು ಬರೆಯಿರಿ ಸರ್, ಮುಟ್ಟಿ ನೋಡಿದ್ದೇನೆ ಅಂತ. ಮನೆಗೆ ಹೋದರೆ ಮತ್ತೆ ಐಸ್ ಕಟ್ತದೆ."